ನಾನು ಕಲಿಯದಿದ್ದ ಆಪರೇಷನ್

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಳಬಾಗಿಲಿನ ಆಸ್ಪತ್ರೆಯೊಂದರಲ್ಲಿ ಸರ್ಜನ್ ಆಗಿದ್ದೆ. ಹರ್ನಿಯಾ, ಕುರು, ಮುರಿದ ಕೈ, ಇವೇ ನನ್ನ ಕೆಲಸ. ಒಂದು ಬೆಳಿಗ್ಗೆ ನಂಗಲಿಯಲ್ಲಿ ಲಾರಿ ಟೈರುಗಳಿಗೆ ಪಂಕ್ಚರ್ ಹಾಕುವವರೊಬ್ಬರು ಆರು ವರ್ಷದ ಮಗಳನ್ನು ಕರೆತಂದರು. ಗೇಟಿನಿಂದ ನನ್ನ ಕೋಣೆಗೆ ಬರುವಷ್ಟರಲ್ಲಿ ಹುಡುಗಿ ಎರಡು ಸಲ ಕುಕ್ಕರಗಾಲಲ್ಲಿ ಕೂತು ಸುಧಾರಿಸಿಕೊಂಡಳು. ತುಟಿ, ಉಗುರು ನೇರಳೆ ಹಣ್ಣು ತಿಂದಂತೆ ನೀಲಿಯಾಗಿದ್ದವು. ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಹುಟ್ಟಿನಿಂದಲೇ ಗುಂಡಿಗೆಯಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದು. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದೆ.

ಆಪರೇಷನ್ ಆಗಬೇಕು, ಮದ್ರಾಸಿಗೆ ಕರೆದುಕೊಂಡು ಹೋಗಿ ಎಂದೆ. ತಂದೆ ಮಗಳ ತಲೆ ಸವರುತ್ತ ಕೇಳಿದರು: "ನೀವೇ ಮಾಡಕ್ಕಾಗಲ್ವಾ ಮೇಡಮ್ಮಾ?"

"ನಾನು ಅದನ್ನ ಕಲ್ತಿಲ್ಲ."

"ಕಲೀಬೋದಲ್ವಾ?"

ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಿಜಕ್ಕೂ ತಿಳಿಯಲೆಂದೇ ಕೇಳಿದ್ದರು.

ಆ ವಾರವೇ ಮದ್ರಾಸಿನ ದೊಡ್ಡ ಆಸ್ಪತ್ರೆಗೆ, ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ತರಬೇತಿಗೆ ಅರ್ಜಿ ಹಾಕಿದೆ. ಇದ್ದದ್ದು ಒಂದೇ ಸೀಟು. ಅಲ್ಲಿಂದ ಮುಂದೆ ಕೂತಲ್ಲಿ ಕೂರಲಾಗಲಿಲ್ಲ. ಟಪಾಲು ಬರುವವರೆಗೂ ತಡೆಯಲಾರದೆ ನಾನೇ ಅಂಚೆ ಕಚೇರಿಗೆ ಹೋಗಿ ನಿಲ್ಲುತ್ತಿದ್ದೆ. ಭಾನುವಾರ ಮಟನ್ ಅಂಗಡಿಯಿಂದ ಕುರಿಯ ಗುಂಡಿಗೆ ತಂದು, ಅಡುಗೆಮನೆಯ ಕಟ್ಟೆಯ ಮೇಲೆ ಸೀಳಿ, ಸಣ್ಣ ಸೂಜಿಯಲ್ಲಿ ಹೊಲಿಯುತ್ತಿದ್ದೆ. ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಸುಗಟೂರಿನಿಂದ ಅವರೆಕಾಯಿ ತಂದಿದ್ದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಸಾರು ಮಾಡ್ತೀಯೋ ಹೊಲೀತೀಯೋ, ಒಂದು ಹೇಳೇ."

ಹೇಳಿದೆ. ಅವಳು ಪಕ್ಕದಲ್ಲಿ ಕೂತು, ಆ ಮಗುವಿನ ಗುಂಡಿಗೆಯೂ ಇಷ್ಟು ದೊಡ್ಡದಿರುತ್ತದೆಯೇ ಎಂದು ಕೇಳಿದಳು. ಇಲ್ಲ, ಆ ಹುಡುಗಿಯ ಮುಷ್ಟಿಯಷ್ಟೇ ಎಂದೆ. ಅಮ್ಮ ಅವರೆಕಾಯಿ ಬಿಡಿಸತೊಡಗಿದಳು.

ಮೂರನೆಯ ತಿಂಗಳು ಪತ್ರ ಬಂತು. ಸಂಬಳವಿಲ್ಲದ ರಜೆಗೆ ಬರೆದುಕೊಟ್ಟೆ. ಹೊರಡುವ ಮುನ್ನ ಬಸ್ಸು ಹತ್ತಿ ನಂಗಲಿಗೆ ಹೋದೆ. ಹುಡುಗಿಯ ಮನೆಯವರು ಇನ್ನೂ ಮದ್ರಾಸಿಗೆ ಹೋಗಿರಲಿಲ್ಲ. ಎದೆ ಕುಯ್ಯಿಸಲು ತಾಯಿ ಒಪ್ಪಿರಲಿಲ್ಲ. ಆಕೆ ತೆಲುಗಿನಲ್ಲಿ ನನ್ನನ್ನೇ ಕೇಳಿದರು, ಕುಯ್ದರೆ ಬದುಕುತ್ತಾಳಾ ಎಂದು.

"ಗ್ಯಾರಂಟಿ ಕೊಡಕ್ಕಾಗಲ್ಲ ಅಮ್ಮಾ. ಪಕ್ಕದಲ್ಲಿ ನಾನಿರ್ತೀನಿ."

ಆಕೆ ಒಳಗೆ ಹೋಗಿ ಮಗಳ ಲಂಗಗಳನ್ನು ಚೀಲಕ್ಕೆ ತುಂಬಿದರು.

ಮದ್ರಾಸಿನಲ್ಲಿ ಆಪರೇಷನ್ ಮಾಡಿದ್ದು ನನಗೆ ಕಲಿಸುತ್ತಿದ್ದ ಗುರುಗಳು. ನಾನು ಶ್ವಾಸಕೋಶವನ್ನು ಪಕ್ಕಕ್ಕೆ ಸರಿಸಿ ಹಿಡಿದುಕೊಂಡು ನಿಂತಿದ್ದೆ, ಅಷ್ಟೇ. ಕೈಗೆ ಹೋಗುವ ರಕ್ತನಾಳವನ್ನು ಅವರು ಶ್ವಾಸಕೋಶದ ನಾಳಕ್ಕೆ ಜೋಡಿಸಿ, ನಾಳವನ್ನು ಒತ್ತಿಹಿಡಿದಿದ್ದ ಕ್ಲಾಂಪ್ ಬಿಟ್ಟು, ಬೆರಳಿಟ್ಟು ನೋಡು ಎಂದರು. ಬೆರಳಿನಡಿ ರಕ್ತ ಗುಂಯ್‌ಗುಟ್ಟುತ್ತಿತ್ತು. ನೋಡುತ್ತಿದ್ದಂತೆ ಹುಡುಗಿಯ ಕಿವಿಗಳು ಕೆಂಪಾದವು. ಸಂತೋಷದ ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ಆ ಹೊಲಿಗೆ ನನ್ನದಾಗಿರಲಿಲ್ಲ. ಮೂರು ವಾರದಲ್ಲಿ ಅವಳು ಅಪ್ಪನ ಕೈ ಬಿಡಿಸಿಕೊಂಡು ವಾರ್ಡಿನ ಉದ್ದಕ್ಕೂ ನಡೆದಳು. ತಾಯಿ ಮಗಳ ಉಗುರುಗಳನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಅಂಥ ಹೊಲಿಗೆಯನ್ನು ನಾನೇ ಹಾಕಲು ಇನ್ನೂ ಎರಡು ವರ್ಷ ಬೇಕಾಯಿತು. ಮೊದಲ ಮಗು ಬದುಕಿತು. ಎರಡನೆಯದು ಉಳಿಯಲಿಲ್ಲ. ಮಾರನೆಯ ಬೆಳಿಗ್ಗೆಯೇ ಗುರುಗಳು ನನ್ನನ್ನು ಇನ್ನೊಂದು ಮಗುವಿನ ಆಪರೇಷನ್ನಿಗೆ ಕರೆದರು. ಕೈ ತೊಳೆಯುತ್ತ ನಿಂತಾಗ ಊರಿನ ಬಸ್ಸು ಹತ್ತಿ ಓಡಿಹೋಗೋಣ ಅನ್ನಿಸಿತು. ನಲ್ಲಿ ನಿಲ್ಲಿಸಿ ಒಳಗೆ ಹೋದೆ.