ಬಿಲ್ ಓದಿದವಳು

ಕಿರ್ರ್... ಕಿರ್ರ್... ಕಿರ್ರ್... ಆಮೇಲೆ ಸದ್ದಿಲ್ಲ. ಮತ್ತೆ ಕಿರ್ರ್.

ಅದು ನೂಲು ಸುತ್ತುವ ರಾಟೆ. ಸೇಲಂನ ನಮ್ಮ ಮನೆಯ ಹಜಾರದಲ್ಲಿ, ಸಂಜೆ ಊಟವಾದ ಕೂಡಲೇ ಶುರುವಾಗುತ್ತಿತ್ತು. ತಿರುಗುತ್ತಿರುವಾಗ ಯಾರಿಗೂ ಕೇಳಿಸುತ್ತಿರಲಿಲ್ಲ. ನಿಂತಾಗ ಕೇಳಿಸುತ್ತಿತ್ತು. ನಿಂತಿತು ಎಂದರೆ ಎಳೆ ಕಡಿದಿದೆ, ಸೌಡತ್ತೆ ತುದಿ ಹುಡುಕುತ್ತಿದ್ದಾಳೆ ಎಂದು ಅರ್ಥ. ತುದಿ ಸಿಕ್ಕಿತು, ಗಂಟು ಬಿತ್ತು, ಮತ್ತೆ ಕಿರ್ರ್.

ಅರವತ್ತು ವರ್ಷ ದಾಟಿದ ಸದ್ದು. ಅದು ನೆನಪಾಗಲು ಕಾರಣ ಕಳೆದ ಮಂಗಳವಾರ ಬಂದ ಕರೆಂಟ್ ಬಿಲ್.

ಈ.ಬಿ.ಯವನು ಬಂದ, ಮೀಟರ್ ನೋಡಿದ, ಗೋಡೆಗೆ ನೇತುಹಾಕಿದ ಕಾರ್ಡಿನಲ್ಲಿ ಗೀಚಿದ, ಹೋದ. ಸೊಸೆ ಲತಾ ಕಾರ್ಡ್ ಓದಿ, "ಈ ಸಲ ನೂರೈವತ್ತು ರೂಪಾಯಿ ಎಕ್ಸ್‌ಟ್ರಾ" ಎಂದಳು. ಮಗ ತಲೆ ಎತ್ತಿದ. ಮೊಮ್ಮಗ ತಲೆ ಎತ್ತಿದ. ಮೂರು ಜೊತೆ ಕಣ್ಣು ನನ್ನ ರೂಮಿನ ಕಡೆ ಹೋಯಿತು. ಅಲ್ಲಿ ಫ್ಯಾನ್ ತಿರುಗುತ್ತಿತ್ತು. (ನಾನು ಹಜಾರದಲ್ಲಿದ್ದೆ. ಗಾಳಿ ರೂಮಿನಲ್ಲಿತ್ತು. ವಯಸ್ಸಾದರೆ ಹೀಗೆಲ್ಲ ಆಗುತ್ತದೆ.)

ಎದ್ದು ಹೋಗಿ ಸ್ವಿಚ್ ಆರಿಸಿದೆ.

"ನಿಮ್ಮುನ್ನ ಏಳಲಿಲ್ಲ ಅತ್ತೆ. ಸುಮ್ನೆ ಕಣಕ್ಕು ನೋಡ್ದೆ, ಅಷ್ಟೇ" ಎಂದಳು ಲತಾ. ಒಳ್ಳೆಯ ಹುಡುಗಿ. ಲೆಕ್ಕ ನೋಡಿದ್ದು ನಿಜ, ನನ್ನನ್ನು ಹೇಳಲಿಲ್ಲ ಎನ್ನುವುದೂ ನಿಜ. ಕಣ್ಣಿಗೆ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಅದು ತಾನಾಗಿ ಹೋಗುತ್ತದೆ. ಯಾರ ಕಡೆ ಹೋಗುತ್ತದೆ ಎನ್ನುವುದೇ ಪ್ರಶ್ನೆ.

ಕರೆಂಟ್ ನಮ್ಮ ಬೀದಿಗೆ ಬಂದಾಗ ನನಗೆ ಹತ್ತು ವರ್ಷ. ಸಾವಿರದ ಒಂಬೈನೂರ ಮೂವತ್ತರ ದಶಕ. ಎರಡು ಬಲ್ಬ್. ಒಂದು ಅಪ್ಪನ ಮೇಜಿನ ಮೇಲೆ, ಒಂದು ಹಜಾರದಲ್ಲಿ. ಅಪ್ಪ ಕಲೆಕ್ಟರ್ ಆಫೀಸಿನ ಗುಮಾಸ್ತರು. ವಾರವೆಲ್ಲ ಕ್ಯಾಂಪ್, ಒಮ್ಮೆ ಧರ್ಮಪುರಿ, ಒಮ್ಮೆ ಮೇಚೇರಿ. ಭಾನುವಾರ ಮನೆಯಲ್ಲಿದ್ದು, ಸಂಬಳ ಬಂದಾಗ ಅಮ್ಮನ ಕೈಗೆ ಕೊಟ್ಟು, ನಿದ್ದೆ ಮಾಡುತ್ತಿದ್ದರು.

ಅಮ್ಮ ಕಂಬೈನಲ್ಲೂರು ಕಡೆಯ ರೈತರ ಮನೆಯವಳು. ಓದು ಬರಹ ಇಲ್ಲ. ಆದರೆ ಅವಳ ಬಜೆಟ್ ಎದುರು ಈಗಿನ ಯಾವ ಮಿನಿಸ್ಟರೂ ನಿಲ್ಲಲಾರ. ಹಳೆ ಸೀರೆಯ ಉದ್ದನೆಯ ಒಂದು ಚೂರು. ಅದರಲ್ಲಿ ಸಾಲಾಗಿ ಏಳು ಗಂಟು. ಬಾಡಿಗೆ ಗಂಟು, ದಿನಸಿ ಗಂಟು, ಹಾಲಿನ ಗಂಟು, ಸೌದೆ ಗಂಟು, ಅಗಸರವಳ ಗಂಟು, ಕರೆಂಟ್ ಗಂಟು. ಕೊನೆಯಲ್ಲಿ ಕಾನ್ವೆಂಟ್ ಗಂಟು, ಅಂದರೆ ನನ್ನ ಫೀಸು. ಯಾವ ಬಿಲ್ ಬಂತೋ ಆ ಗಂಟು ಬಿಚ್ಚಬೇಕು. ಒಂದು ಗಂಟಿನ ದುಡ್ಡು ಇನ್ನೊಂದಕ್ಕೆ ಹೋಗುವಂತಿಲ್ಲ. ಸಾಲದೆ ಬಂದರೆ?

"ಸಾಲ್ದಿದ್ರೆ ಮೊದ್ಲು ಬಿಚ್ಚೋದು ಕಾನ್ವೆಂಟ್ ಗಂಟು" ಎನ್ನುತ್ತಿದ್ದಳು ಅಮ್ಮ. "ಮುನಿಸಿಪಲ್ ಸ್ಕೂಲಲ್ಲಿ ಬಿಟ್ಟಿ ಏಳ್ಕೊಡ್ತಾರೆ. ಇವ್ಳು ದೊರೆಸಾನಿ ಆಗಿ ಯಾರ ಮನೆ ಆಳ್ಬೇಕು?"

"ಮನೇಲಿ ಇಂಗ್ಲೀಸು ಬಿಲ್ ಓದಾಕೆ ಒಬ್ರು ಬ್ಯಾಡ್ವಾ?" ಎನ್ನುತ್ತಿದ್ದರು ಅಪ್ಪ, ಕಣ್ಣು ಮುಚ್ಚಿಕೊಂಡೇ.

ಅದು ನನ್ನ ಉದ್ಯೋಗ. ಕರೆಂಟ್ ಬಿಲ್ ಇಂಗ್ಲಿಷಿನಲ್ಲಿ ಬರುತ್ತಿತ್ತು. ಮಧ್ಯಾಹ್ನ ಪ್ಯೂನ್ ತಂದು ಕೊಡುವನು; ಸೌಡತ್ತೆ ಇಸಿದುಕೊಂಡು ಗೂಡಿನಲ್ಲಿ ಇಡುವಳು. ನಾನು ಸ್ಕೂಲಿನಿಂದ ಬಂದು ಓದಿ ಹೇಳುವುದು, ಅಮ್ಮ ಗಂಟು ಬಿಚ್ಚುವುದು, ಮರುದಿನ ಸ್ಕೂಲಿಗೆ ಹೋಗುವ ದಾರಿಯಲ್ಲಿ ನಾನೇ ಕೌಂಟರಿನಲ್ಲಿ ಕಟ್ಟುವುದು. ರಸೀದಿ ತಂದು ಗೋಡೆಯ ಕಂಬಿಗೆ ಚುಚ್ಚಿದರೆ ಮುಗಿಯಿತು.

ಸೌಡತ್ತೆ ಯಾರು ಎಂದು ಹೇಳಲಿಲ್ಲ. ಅಪ್ಪನ ಅಕ್ಕ. ಎಡಪ್ಪಾಡಿಯ ನೇಕಾರರ ಮನೆಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಳು. ಪಕ್ಕದ ಬೀದಿಯ ಮಗ್ಗದವರಿಗೆ ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತಿದ್ದಳು. ತಿಂಗಳಿಗೆ ಒಂದೂವರೆ ರೂಪಾಯಿ ಬರುತ್ತಿತ್ತು. ಅಷ್ಟನ್ನೂ ತಂದು ಹಾಲಿನ ಗಂಟಿಗೆ ಹಾಕುವಳು. "ಬಿಟ್ಟಿ ಉಣ್ಣಾಕೆ ಬಂದವ್ಳಲ್ಲ ನಾನು" ಎನ್ನುವಳು. ಹಗಲೆಲ್ಲ ಮನೆಗೆಲಸ. ರಾಟೆಗೆ ಸಿಗುತ್ತಿದ್ದದ್ದು ಸಂಜೆ ಮಾತ್ರ. ಹಾಗಾಗಿ ಹಜಾರದ ಬಲ್ಬ್ ಬಂದದ್ದು ಅವಳಿಗೆ ಇನ್ನೊಂದು ಜೊತೆ ಕಣ್ಣು ಬಂದ ಹಾಗೆ. ಕಡಿದ ಎಳೆ ಚಕ್ಕನೆ ಸಿಗುತ್ತಿತ್ತು.

ಅವಳದೊಂದು ನೇಮವಿತ್ತು. ಶುಕ್ರವಾರ ಹಚ್ಚಿದ ದೀಪವನ್ನು ಕೈಯಾರೆ ಆರಿಸಬಾರದು. ಎಣ್ಣೆ ದೀಪವಾದರೆ ಎಣ್ಣೆ ತೀರಿದಾಗ ತಾನೇ ಮಲಗುತ್ತದೆ. ಬಲ್ಬಿನ ಎಣ್ಣೆ ಎಂದು ತೀರಬೇಕು? ಶುಕ್ರವಾರ ಸಂಜೆ ಹಾಕಿದ ಸ್ವಿಚ್ಚನ್ನು ಶನಿವಾರ ಸೂರ್ಯ ಬಂದಮೇಲೆ, ಕೈಮುಗಿದು ಆರಿಸುತ್ತಿದ್ದಳು.

ಈಗ ನನ್ನ ವಿಷಯ. ನನಗೂ ಒಂದು ಬಿಲ್ ಇತ್ತು.

ಕಾನ್ವೆಂಟಿನಲ್ಲಿ ಹನ್ನೊಂದು ಗಂಟೆಗೆ ರೀಸೆಸ್. ತಿಂಗಳಿಗೆ ಎಂಟಾಣೆ ಕಟ್ಟಿದ ಹುಡುಗಿಯರಿಗೆ ವರಾಂಡಾದ ಮೇಜಿನಲ್ಲಿ ಬನ್. ಮೇಲೆ ಸಕ್ಕರೆ ಉದುರಿಸಿದ್ದು. ಕಟ್ಟದವರು ಬೇವಿನ ಮರದ ಕೆಳಗೆ, ಅವರವರ ಡಬ್ಬಿ. ನನ್ನ ಡಬ್ಬಿಯಲ್ಲಿ ಸೌಡತ್ತೆ ತಟ್ಟಿದ ರಾಗಿ ರೊಟ್ಟಿ. "ವಾಟ್ ಈಸ್ ದಟ್ ಬ್ಲಾಕ್ ಥಿಂಗ್?" ಎಂದು ಒಬ್ಬಳು ಕೇಳಿದಳು. ಸಭ್ಯವಾಗಿಯೇ ಕೇಳಿದಳು. ಸಭ್ಯವಾಗಿ ಕೇಳಿದ್ದೇ ತಾಳಲಾಗಲಿಲ್ಲ.

ಜೂನ್ ತಿಂಗಳ ಬಿಲ್ ಬಂತು. ಒಂದು ರೂಪಾಯಿ ಆರಾಣೆ. ನಾನು ಓದಿದೆ: "ಒನ್ ರುಪೀ ಫೋರ್ಟೀನ್ ಅಣಾಸ್."

ಇಂಗ್ಲಿಷಿನಲ್ಲಿ ಹೇಳಿದರೆ ಸುಳ್ಳು ಎಷ್ಟು ನೀಟಾಗಿ ಕೇಳುತ್ತದೆ, ನೋಡಿ.

"ಅಂಗಂದ್ರೆ?"

"ಒಂದು ರೂಪಾಯಿ ಹದಿನಾಲ್ಕಾಣೆ."

"ಎಂಟಾಣೆ ಜಾಸ್ತಿನಾ? ಇನ್ನೊಂದ್ ಕಿತ ಓದು ಲೇ."

ಇನ್ನೊಂದು ಸಲ ಓದಿದೆ. ಅಮ್ಮ ಗಂಟು ಬಿಚ್ಚಿದಳು. ಆ ತಿಂಗಳ ಫೀಸು ಕಟ್ಟಿ ಕಾನ್ವೆಂಟ್ ಗಂಟು ಖಾಲಿಯಾಗಿತ್ತು; ಹೆಚ್ಚಿನ ಎಂಟಾಣೆಯನ್ನು ಹಾಲಿನ ಗಂಟಿನಿಂದ ತೆಗೆಯಬೇಕಾಯಿತು. ತೆಗೆಯುತ್ತಾ ಅವಳ ಕಣ್ಣು ಮೇಲೆ ಹೋಯಿತು, ಹಜಾರದ ಬಲ್ಬಿಗೆ. ಅಲ್ಲಿಂದ ಕೆಳಗೆ ಇಳಿಯಿತು, ರಾಟೆಯ ಮುಂದೆ ಕೂತವಳ ತಲೆಯ ಮೇಲೆ.

"ಅತ್ಗೆ, ತಪ್ಪು ತಿಳ್ಕಾಬ್ಯಾಡಿ. ಸುಕ್ಕುರ್ವಾರದ್ ದೀಪ ಎಣ್ಣೇದೇ ಮಡಗಿ. ಸಾಮಿಗೆ ಕರೆಂಟ್ ಯಾತಕ್ಕೆ?"

"ಸರಿ ರಂಗು" ಎಂದಳು ಸೌಡತ್ತೆ. "ಸಾಮಿ ಏನ್ ಮೀಟ್ರು ನೋಡಾಕಿಲ್ಲ."

ನನಗೆ ಹಾಯೆನಿಸಿತು. ಇಷ್ಟೇ ತಾನೇ? ಬನ್ ಚೆನ್ನಾಗಿತ್ತು. ಅರ್ಧ ತಿಂದು ಅರ್ಧವನ್ನು ಪಿನಾಫೋರ್ ಜೇಬಿಗೆ ಹಾಕಿಕೊಳ್ಳುತ್ತಿದ್ದೆ, ದಾರಿಗೆ. ಬಟ್ಟೆ ನೆನೆಹಾಕುವ ಮೊದಲು ಸೌಡತ್ತೆ ಜೇಬು ಒದರುವಳು. ಇರುವೆ ಉದುರುತ್ತಿದ್ದವು. ಏನೂ ಕೇಳಲಿಲ್ಲ.

ಮುಂದಿನ ತಿಂಗಳ ಲೆಕ್ಕ ನಾನು ನೆನೆಸಿರಲಿಲ್ಲ. ಶುಕ್ರವಾರದ ಬಲ್ಬ್ ನಿಂತದ್ದರಿಂದ ಬಿಲ್ ನಿಜವಾಗಿಯೂ ಎರಡಾಣೆ ಇಳಿದಿತ್ತು: ಒಂದೂ ನಾಲ್ಕು. ಬನ್ನಿಗೆ ಮತ್ತೆ ಎಂಟಾಣೆ ಬೇಕಲ್ಲ? ಒಂದೂ ಹನ್ನೆರಡು ಎಂದೆ.

"ಕಂಡ್ರಾ?" ಎಂದಳು ಅಮ್ಮ. "ಸುಕ್ಕುರ್ವಾರ ಎರಡಾಣೆ ತಿಂತಿತ್ತು. ಮಿಕ್ಕಿದ್ ಆರಾಣೆ ಯಾವ್ದು ತಿಂತೈತೋ."

ಯಾವುದು ಎಂದು ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಸಂಜೆ ಸೌಡತ್ತೆ ತಾನಾಗಿಯೇ ರಾಟೆ ಎತ್ತಿಕೊಂಡು ಅಡಿಗೆಮನೆಗೆ ಹೋದಳು, ಚಿಮಣಿ ದೀಪದ ಹತ್ತಿರ. ಹಜಾರದ ಬಲ್ಬನ್ನು ನಾನು ಹೋಂವರ್ಕ್ ಮಾಡುವಷ್ಟು ಹೊತ್ತು ಮಾತ್ರ ಹಾಕುವುದು ಎಂದಾಯಿತು. ಗ್ರಾಮರ್ ಬುಕ್ ಮುಂದಿಟ್ಟು ಕೂತಿರುತ್ತಿದ್ದೆ. ಒಳಗಿನಿಂದ ಕಿರ್ರ್... ಕಿರ್ರ್... ನಿಂತಿತು. ಎಣಿಸುತ್ತಿದ್ದೆ. ಬಲ್ಬಿನ ಕೆಳಗಿದ್ದಾಗ ನಾಲ್ಕೈದು ಎಣಿಸುವುದರೊಳಗೆ ಮತ್ತೆ ಶುರುವಾಗುತ್ತಿದ್ದದ್ದು ಈಗ ಇಪ್ಪತ್ತಾದರೂ ಇಲ್ಲ. ಒಮ್ಮೊಮ್ಮೆ ನಲವತ್ತು.

ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದರೆ ಬಿಚ್ಚುವುದು ಏಳನೇ ಗಂಟು, ಕಾನ್ವೆಂಟಿನದು. ನನಗೂ ಅಷ್ಟು ಅರಿಥ್‌ಮೆಟಿಕ್ ಬರುತ್ತಿತ್ತು.

ಆಗಸ್ಟ್ ಬಿಲ್ ಒಂದು ರೂಪಾಯಿ ಸರಿಯಾಗಿ. ನಾನು ಓದಿದ್ದು ಒಂದೂವರೆ. ಅಂದರೆ ರಾಟೆ ನಾಲ್ಕಾಣೆ ತಿನ್ನುತ್ತಿತ್ತು ಎಂದು ರುಜುವಾತಾಯಿತು. ಅಪ್ಪ ಕಂಬಿಯ ರಸೀದಿ ಒಂದು ಸಲ ನೋಡಿದ್ದರೆ ಸಾಕಿತ್ತು. ಆರು ದಿನ ಕ್ಯಾಂಪಿನಲ್ಲಿ ಅಂಕಿ ನೋಡಿದವರು ಏಳನೆಯ ದಿನ ನೋಡುತ್ತಾರೆಯೇ?

ಸೌಡತ್ತೆಯ ನೂಲು ಅರ್ಧಕ್ಕಿಳಿದಿತ್ತು. ಹಾಲಿನ ಗಂಟಿಗೆ ಅವಳು ಹಾಕಿದ್ದು ಹನ್ನೆರಡಾಣೆ. ಅಂದಿನಿಂದ ಕಾಫಿ ಬಿಟ್ಟಳು. "ಕಾಪಿ ಕುಡುದ್ರೆ ಎದೆ ಉರೀತೈತೆ ರಂಗು, ನಂಗ್ ಬ್ಯಾಡ." ಆ ತಿಂಗಳ ಕೊನೆಗೆ ಮೈದುನನ ಮನೆಗೆ ಹೋಗುತ್ತೇನೆ ಎಂದಳು, ಎಡಪ್ಪಾಡಿಗೆ. ಅಮ್ಮ ನಿಜವಾಗಿಯೂ ಬೇಡ ಎಂದಳು. ಸೆರಗಿನಿಂದ ಕಣ್ಣೂ ಒರೆಸಿಕೊಂಡಳು.

"ನಿನ್ಮೇಲೇನೂ ಇಲ್ಲ ರಂಗು. ಅಲ್ಲಿ ದೊಡ್ಡ ಜಗುಲಿ ಐತೆ. ಹಗಲೆಲ್ಲ ಕೂತು ಸುತ್ತಬೌದು. ಬೆಳಕು ಬಿಟ್ಟಿ."

ರಾಟೆ ಸಮೇತ ಬಸ್ ಹತ್ತಿದಳು.

ಮುಂದಿನ ತಿಂಗಳು ನಾನು ಬಿಲ್ಲನ್ನು ಇದ್ದಂತೆ ಓದಿದೆ. ಬನ್ ಬಿಟ್ಟು ಬೇವಿನ ಮರದ ಕೆಳಗೆ ಹೋಗಿ ಕೂತಿದ್ದೆ. ಒಂದು ರೂಪಾಯಿ ಎಂದೆ. ಅಮ್ಮ ನಿಟ್ಟುಸಿರು ಬಿಟ್ಟು, "ನೋಡ್ದಾ, ಅತ್ಗೆ ಊರ್ಗೋದ್ರು, ಎಂಟಾಣೆ ಇಳೀತು" ಎಂದಳು.

ನಾನು ಆಡಿದ ನಿಜವೂ ಅವಳ ಮೇಲೆಯೇ ಸಾಕ್ಷಿ ಹೇಳಿತು.

ಎರಡು ವರ್ಷದ ಮೇಲೆ ಅಪ್ಪ ಯಾವುದೋ ಕೆಲಸಕ್ಕೆ ಎಡಪ್ಪಾಡಿಗೆ ಹೊರಟಾಗ ನಾನೂ ಹೋದೆ. ಬಸ್ ನಿಲ್ಲುವ ಜಾಗದ ಎದುರಿಗೇ ಮನೆ. ಸೌಡತ್ತೆ ಜಗುಲಿಯ ಮೇಲೆ ರಾಟೆ ಇಟ್ಟುಕೊಂಡು ಕೂತಿದ್ದಳು. ಅಷ್ಟು ಬಿಸಿಲಿನಲ್ಲೂ ಎಳೆಯನ್ನು ಮೂಗಿನ ಹತ್ತಿರ ಹಿಡಿದಿದ್ದಳು.

"ಯಾರು, ಕಣ್ಣಾ? ಎಷ್ಟುದ್ದ ಆಗೋಗಿದ್ದೀಯೆ ಲೇ. ಕಾನ್ವೆಂಟ್ಗೆ ಓಯ್ತಿದ್ದೀಯಾ?" ನನ್ನನ್ನು ಅವಳು ಮುದ್ದಿಗೆ ಕಣ್ಣು ಎಂದೇ ಕರೆಯುತ್ತಿದ್ದಳು.

"ಹೋಗ್ತಿದ್ದೀನಿ ಅತ್ತೆ."

"ಕರೆಂಟ್ ಬಿಲ್ಲು ಎಷ್ಟ್ ಬತ್ತದೆ ಈಗ?"

"ಒಂದು ರೂಪಾಯಿ."

"ಪರ್ವಾಗಿಲ್ಲ. ನಾನಿರೋವಾಗ ಒಂದೂ ಆರು ಬಂದಿತ್ತಲ್ಲ."

ಒಂದೂ ಹದಿನಾಲ್ಕಲ್ಲ; ಒಂದೂ ಆರು. ರಾಟೆ ತಿರುಗುತ್ತಲೇ ಇತ್ತು. ಅವಳು ಮುಖ ಎತ್ತಲಿಲ್ಲ. ಪಕ್ಕದಲ್ಲಿದ್ದ ನೂಲಿನ ಕಂತೆಯ ಮೇಲೆ ಎಡಗೈ ಬೆರಳಿನಿಂದ ತಟ್ಟಿದಳು. ಮಿಲ್ಲಿನ ಲೇಬಲ್, ಅದರ ಮೇಲೆ ದಪ್ಪ ಇಂಗ್ಲಿಷ್ ಅಂಕಿಯಲ್ಲಿ ನೂಲಿನ ನಂಬರ್.

"ಇದು ಅರವತ್ತು. ಅದು ನಲವತ್ತು. ಅಕ್ಸರ ಬರಾಕಿಲ್ಲ ಕಣ್ಣು. ಅಂಕಿ ಬರ್ದೆ ನೇಕಾರ್ರ ಮನೇಲಿ ನೂಲು ಈಸ್ಕೊಳ್ಳಾದ್ ಎಂಗೆ?"

"ಆವತ್ತೇ ಯಾಕೆ ಹೇಳಲಿಲ್ಲ?"

"ಏಳಿದ್ರೆ ನಿಮ್ಮವ್ವ ಯಾವ್ ಗಂಟು ಬಿಚ್ತಿದ್ಲು?"

ಅವಳೇ ಮತ್ತೆ ಕೇಳಿದಳು: "ಈಗ್ಲೂ ಜೇಬಲ್ಲಿ ಇರುವೆ ಬತ್ತವಾ?"

"ಇಲ್ಲ."

"ಸರಿ ಬುಡು."

ಸೇಲಂಗೆ ವಾಪಸ್ ಹೋಗುವ ಬಸ್ ಹಾರ್ನ್ ಹೊಡೆಯಿತು. ಅಪ್ಪ ರಸ್ತೆಯಾಚೆಯಿಂದ "ಸೀಕ್ರಂ ವಾ", ಬೇಗ ಬಾ, ಎಂದು ಕೂಗಿದರು. ಅದೇ ಹೊತ್ತಿಗೆ ಎಳೆ ಕಡಿದು ರಾಟೆ ನಿಂತಿತು. ಅವಳು ಮಡಿಲೆಲ್ಲ ತಡವಿದಳು. ತುದಿ ಅವಳ ಮಂಡಿಯ ಹತ್ತಿರವೇ ಬಿದ್ದಿತ್ತು. ನನಗೆ ಕಾಣುತ್ತಿತ್ತು. ಬಗ್ಗಿ ಎತ್ತಿ ಕೊಡಬೇಕು ಎನ್ನುವಷ್ಟರಲ್ಲಿ ಅಪ್ಪ ಬಂದು ಕೈ ಹಿಡಿದು ಕರೆದುಕೊಂಡು ಹೋದರು. ಬಸ್ಸಿನ ಕಿಟಕಿಯಿಂದ ನೋಡಿದಾಗ ಇನ್ನೂ ತಡವುತ್ತಿದ್ದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಈ ತಿಂಗಳು ನಿಮ್ಮ ಮನೆಯ ಬಿಲ್ ಜಾಸ್ತಿ ಬಂದಿದ್ದರೆ, ಮೂಲೆಯ ರೂಮಿನ ಫ್ಯಾನ್ ನೋಡುವ ಮೊದಲು, ಬಿಲ್ ಓದಿದವರ ಮುಖವನ್ನು ಒಂದು ಸಲ ನೋಡಿ.