ಅವನ ಆರನೇ ಲೇಖನ, ನನ್ನ ಬಾಟ್ಲಿ

ಸುಳ್ಳ್ಯಾಕ ಹೇಳ್ಲಿ, ನನ್ನ ಗೆಳ್ಯಾನ ಹೆಸರು ಅಚ್ಚಾದಾಗೆಲ್ಲಾ ನನಗ ಹೊಟ್ಟಿ ಉರೀತಿತ್ತು. ಇಬ್ರೂ ಕೂಡೇ ಡಾಕ್ಟರಕಿ ಕಲ್ತವ್ರು. ನಾ ದುರ್ಗದಬೈಲಿನ್ಯಾಗ ದವಾಖಾನಿ ಹಾಕಿದೆ, ಅಂವ ಧಾರವಾಡದಾಗ. ನನ್ನ ಕಡೆ ಮಂದಿ ಹೆಚ್ಚು, ಅವನ ಕಡೆ ಲೇಖನ ಹೆಚ್ಚು. ಸಕ್ರಿರೋಗ, ಅದರಿಂದ ಎದಿಗೆ ಆಗೋ ತ್ರಾಸು, ಇದರ ಮ್ಯಾಲೆ ಮುಂಬೈ, ಮದ್ರಾಸಿನ ಡಾಕ್ಟರ್ ಪತ್ರಿಕಿಯೊಳಗ ಐದು ಬಂದಿದ್ದುವು. ನಾನೂ ಒಂದು ಬರದು ಕಳಿಸಿದ್ದೆ. ಹೋದಷ್ಟ ಲಗೂ ತಿರುಗಿ ಬಂತು.

"ಅವರದು ಮತ್ತ ಬಂದೈತಂತಲ್ರಿ," ಅಂತ ಹೆಂಡ್ತಿ ರೊಟ್ಟಿ ಬಡೀತ ಕೇಳ್ತಿದ್ಲು.

"ಅವಗೇನು, ರೋಗಿಗಳಿಲ್ಲ. ಪುರಸೊತ್ತೈತಿ."

"ನಿಮಗೂ ರವಿವಾರ ಐತಲ್ರಿ. ಇಸ್ಪೀಟ್ ಆಡೋರು ಯಾರು ಮತ್ತ?"

ಒಂದು ರವಿವಾರ ಅವನ ಮನಿಗೆ ಹೋದಾಗ ಆರನೇದು ಕೈಯಾಗ ಕೊಟ್ಟ. "ನಾಳೆ ಟಪಾಲಿಗೆ ಹಾಕಾಂವ. ಒಮ್ಮೆ ನೋಡು."

ಧಾರವಾಡದ ಮಗ್ಗಲ ಹಳ್ಳಿ ಅಮ್ಮಿನಬಾವಿ ರೈತರ ಬಗ್ಗೆ ಬರದಿದ್ದ. ಜ್ವಾಳದ ರೊಟ್ಟಿ ತಿಂದು ಹೊಲದಾಗ ದುಡಿಯೋ ತೆಳ್ಳನ ಮಂದಿ, ಇವರ ಉಚ್ಚ್ಯಾಗೂ ಸಕ್ರಿ ಸಿಕ್ಕೈತಿ, ನಾಳೆ ಇವರ ಎದಿಗೂ ಧೋಕಾ ಐತಿ ಅಂತ. ಭಾಳ ಛಲೋ ಬರದಿದ್ದ, ಅದಕ್ಕ ನನಗ ಇನ್ನೂ ಉರೀತು.

ಕಿಡಕಿ ಮ್ಯಾಲೆ ರೋಗಿಗಳು ತಂದ ಬಾಟ್ಲಿ ಸಾಲಾಗಿದ್ದುವು. ಆವಾಗ ಔಷಧಕ್ಕ ಬಾಟ್ಲಿ ಮನಿಯಿಂದನ ತರಬೇಕಿತ್ತು. ಕಂಪೌಂಡರ್ ಅದರ ಮ್ಯಾಲೆ ಹಲ್ಲು ಕತ್ತರಿಸಿದ ಕಾಗದ ಅಂಟಿಸ್ತಿದ್ದ, ಒಂದು ಹಲ್ಲಂದ್ರ ಒಂದು ಹೊತ್ತಿನ ಔಷಧ. ನೋಡ್ತೇನಿ, ಆ ಕಾಗದ ಕತ್ತರಿಸಿದ್ದು ನನ್ನ ಕಂಪೌಂಡರ್ ಕೈ. ಅಮ್ಮಿನಬಾವಿ ಮಂದಿ ನನ್ನ ಕಡೆಯಿಂದ ಒಯ್ದ ಕೆಮ್ಮಿನ ಔಷಧದ ಬಾಟ್ಲಿ. ಅದಕ್ಕ ನಾ ಜೇನುತುಪ್ಪ ಕೂಡಿಸ್ತಿದ್ದೆ. ಔಷಧ ಮುಗಿದ ಮ್ಯಾಲೆ ಮಂದಿ ತೊಳೀದ ಅದ ಬಾಟ್ಲ್ಯಾಗ ಇವಗ ಉಚ್ಚಿ ತಂದು ಕೊಟ್ಟಿದ್ರು.

"ಛಲೋ ಬರದಿ," ಅಂದು ಎದ್ದು ಬಂದೆ.

ದವಾಖಾನ್ಯಾಗ ಅಂಥಾದ ಒಂದು ಖಾಲಿ ಬಾಟ್ಲ್ಯಾಗ ನೀರು ಹಾಕಿ ಅಲುಗಾಡಿಸಿ, ಆ ನೀರು ಸಕ್ರಿ ಪರೀಕ್ಷಾ ಮಾಡೋ ನೀಲಿ ಔಷಧಕ್ಕ ಕೂಡಿಸಿ ದೀಪದ ಮ್ಯಾಲೆ ಕಾಸಿದೆ. ಇಟ್ಟಂಗಿ ಬಣ್ಣ ಆತು. ಸಕ್ರಿ, ಅದೂ ನನ್ನ ಜೇನುತುಪ್ಪದ್ದು. ಅವನ ಲೇಖನ ಹಂಗ ಅಚ್ಚಾಗ್ಲಿ, ಮುಂಬೈದವ್ರು ತಪ್ಪು ಹಿಡೀಲಿ ಅಂತ ಅವತ್ತು ಒಂದು ರೊಟ್ಟಿ ಹೆಚ್ಚಿಗಿ ತಿಂದೆ.

ಮುಂಜಾನೆ ಮೊದಲು ಬಂದಾಂವ ಅಮ್ಮಿನಬಾವಿ ಮುದುಕ. "ಧಾರವಾಡದ ಡಾಕ್ಟರ್ ಸಕ್ರಿರೋಗ ಅಂದಾರ್ರಿ ಸಾಹೇಬ್ರ. ಅರ್ಧ ರೊಟ್ಟಿ ತಿನ್ನಾಕತ್ತೇನಿ. ಹೊಲಕ್ಕ ಹೋಗಾಕ ಕಾಲಾಗ ಕಸುವಿಲ್ಲ."

ತಿಂದ ರೊಟ್ಟಿ ಎದ್ಯಾಗ ನಿಂತಂಗಾತು. ಬಾಟ್ಲಿ ಚೀಲದಾಗ ಹಾಕ್ಕೊಂಡು ಧಾರವಾಡದ ರೈಲು ಹತ್ತಿದೆ.

ಗೆಳ್ಯಾ ತಾನೂ ಕಾಸಿ ನೋಡಿದ. ಕೆಂಪಾತು.

"ನಿನ್ನೇನ ಗೊತ್ತಾಗಿತ್ತು ನಿನಗ."

"ಆಗಿತ್ತು."

ದೀಪ ಆರಿಸಿ ಕಪ್ಪು ನನ್ನ ಕಡೆ ಸರಿಸಿದ. "ಚಹಾ ಕುಡಿ," ಅಂದ.

ಇನ್ನೂ ಟಪಾಲಿಗೆ ಹಾಕದ ಆ ಲೇಖನ ಹರದು ಹಾಕಿದ. ಎಲ್ಲಾರನ್ನೂ ಮತ್ತ ಕರಸಿ, ತೊಳದ ಗಾಜಿನ್ಯಾಗ ನೋಡಿದ್ರ ಭಾಳ ಮಂದಿಗೆ ಏನೂ ಇರಲಿಲ್ಲ. ಮುದುಕಗೂ ಇರಲಿಲ್ಲ. ಕಡೀಕ ಆ ಬಾಟ್ಲಿ ಮ್ಯಾಲೇನ ಒಂದು ಸಣ್ಣ ಲೇಖನ ಬರದ.

"ನಿನ್ನ ಹೆಸರೂ ಹಾಕ್ತೇನಿ," ಅಂದ.

"ಬ್ಯಾಡ ಮಾರಾಯಾ. ಊರ ಮಂದಿ ನನ್ನ ಔಷಧಕ್ಕ ಹೆಸರಿಡ್ತಾರ."

ಮೊದಲಿನ ಐದು ಈಗ ಯಾರಿಗೂ ನೆನಪಿಲ್ಲ. ಈ ಆರನೇದು ಎಲ್ಲಾರ ಬಾಯಾಗೈತಿ. ಮೊನ್ನೆ ಒಬ್ಬ ಹೊಸಾ ಡಾಕ್ಟರ್ ನನಗ ತಿಳಿಸಿ ಹೇಳಿದ: "ಕಾಕಾ, ರೋಗಿ ತಂದ ಬಾಟ್ಲಿ ನಂಬಬ್ಯಾಡ್ರಿ. ಧಾರವಾಡದವರು ಬರದಾರ, ಓದ್ರಿ."

"ಓದೇನಪಾ," ಅಂದೆ.