ಮೂರು ಸಲ ಹಾರ್ನ್ ಆಗಿತ್ತು

ಸಾವಿತ್ರಿ, ಆ ದಿನ ಆಂಬುಲೆನ್ಸ್ ತಡವಾಗಿ ಬರಲಿಲ್ಲ. ತಡ ಮಾಡಿದವಳು ನಾನು.

ಇಷ್ಟು ಬರೆಯುವುದಕ್ಕೆ ನನಗೆ ಐದು ವರ್ಷ ಬೇಕಾಯಿತು — ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಕೈಲಿ ಪ್ರಬಂಧ ಬರೆಸಿದವಳಿಗೆ! ನಾಳೆ ಗ್ರಾಮಸಭೆ. ಸಿದ್ದಾಪುರದ ಒಂದೇ ಗಾಡಿಯನ್ನು ನಂಬಿಕೊಂಡು ಮನ್ಮನೆ ಕಡೆಯ ಇಷ್ಟು ಊರುಗಳು ಕೂತಿವೆ, ಅದು ಇನ್ನೆಲ್ಲಿಗೋ ಹೋಗಿದ್ದರೆ ನಮ್ಮನ್ನು ದೇವರೇ ಕಾಯಬೇಕು, ಇನ್ನೊಂದು ಗಾಡಿ ಕೊಡಿ ಎಂದು ಅರ್ಜಿ ಕೊಡುವುದಿದೆ. ಬರೆಯುವ ಕೆಲಸವನ್ನು ಎಂದಿನಂತೆ ನನ್ನ ತಲೆಗೆ ಕಟ್ಟಿದ್ದಾರೆ. "ಗಣಪತಿಯಣ್ಣನ ಸಂಗತಿ ಮೊದ್ಲು ಬರ್ಲಿ ಟೀಚರೇ" ಎಂದೂ ಹೇಳಿದ್ದಾರೆ. ನಿನ್ನ ಗಂಡನ ಸಂಗತಿ. ಅದಕ್ಕೇ ಸಭೆಗೆ ಮೊದಲು ನಿನಗೆ ಹೇಳುತ್ತಿದ್ದೇನೆ.

ನಮ್ಮ ಗದ್ದೆಯ ಅಂಚಿನಿಂದ ನಿಮ್ಮ ಮನೆಗೆ ಇಳಿಯುವ ದಾರಿಗೆ ಮೊದಲೆಲ್ಲ ದಣಪೆ ಇತ್ತಲ್ಲ — ದನ ನುಗ್ಗದ ಹಾಗೆ ಅಡ್ಡ ತೂರಿಸಿಡುತ್ತಿದ್ದ ನಾಲ್ಕು ಬಿದಿರಿನ ಗಳು. ತೆಗೆದವರು ಹಾಕಿ ಹೋಗಬೇಕು, ಅಷ್ಟೇ ರಿವಾಜು. ಕೆಳಗೆ ಹೊಸ ಮನೆ ಏಳುತ್ತಿದ್ದ ವರ್ಷ ಚಿರೆಕಲ್ಲಿನ ಲಾರಿಯವರು ತೆಗೆದರು, ಹಾಕಲಿಲ್ಲ. ಎರಡು ಸಲ ದನ ನುಗ್ಗಿ ನನ್ನ ಭತ್ತದ ಅಗೆಸಸಿ ಮೇಯ್ದು ಹೋದವು. ನನ್ನ ಸಿಟ್ಟು ನಿನಗೆ ಗೊತ್ತೇ ಇದೆ, ಮೂಗಿನ ತುದಿಯಲ್ಲೇ ಇರುತ್ತದೆ. ಸಿರಸಿಯಿಂದ ಕಬ್ಬಿಣದ ಗೇಟು ತರಿಸಿ ಬೀಗ ಹಾಕಿದೆ. ಪಕ್ಕದಲ್ಲಿ ಬೈಕು ಹೋಗುವಷ್ಟು ಸಂದು ಬಿಟ್ಟೆ. ದೊಡ್ಡ ಗಾಡಿಗಳಿಗೆ ಒಂದು ತಗಡಿನ ಬೋರ್ಡು, ನನ್ನದೇ ದುಂಡು ಅಕ್ಷರದಲ್ಲಿ: "ಹಾರ್ನ್ ಮಾಡಿರಿ. ಕೂಡಲೇ ಗೇಟು ತೆಗೆಯಲಾಗುವುದು." ಊರಿನವರು ನಕ್ಕರು, ಆದರೆ ಒಪ್ಪಿಕೊಂಡರು. ಟೀಚರ ಮಾತು ಅಂದರೆ ಮಾತು ಎಂದು ನೀನೂ ಒಪ್ಪಿಕೊಂಡೆ.

ಆ ಮಧ್ಯಾಹ್ನ ಗಣಪತಿ ಅಂಗಳದಲ್ಲಿ ಯಾರದೋ ಪಂಪ್‌ಸೆಟ್ ಬಿಚ್ಚುತ್ತಿದ್ದವನು ಹಾಗೇ ಒಂದು ಪಕ್ಕಕ್ಕೆ ವಾಲಿದ್ದು, ಬಾಯಿ ಸೊಟ್ಟಗಾಗಿದ್ದು, ನೀನು ಸಿಗ್ನಲ್ ಹುಡುಕಿಕೊಂಡು ಗೇರುಮರದ ದಿಬ್ಬಕ್ಕೆ ಓಡಿ ಫೋನು ಮಾಡಿದ್ದು — ಯಾವುದೂ ನನಗೆ ಗೊತ್ತಿರಲಿಲ್ಲ. ನಾನು ಹಿತ್ತಿಲಲ್ಲಿ ಹಲಸಿನ ಹಪ್ಪಳ ಒತ್ತುತ್ತಿದ್ದೆ. ಕೈಯೆಲ್ಲ ಹಿಟ್ಟು. ಗೇಟಿನ ಕಡೆಯಿಂದ ಹಾರ್ನ್ ಕೇಳಿತು. ಕಲ್ಲಿನ ಲಾರಿ ಎಂದುಕೊಂಡೆ. ಎರಡನೇ ಸಲ ಕೇಳಿತು. "ಕಾಯ್ಲಿ, ಬುದ್ಧಿ ಬರ್ಲಿ" ಎಂದೆ. ಯಾರಿಗೂ ಹೇಳಿದ್ದಲ್ಲ, ಹಪ್ಪಳಕ್ಕೆ ಹೇಳಿದ್ದು. ಮೂರನೇ ಸಲ ಉದ್ದಕ್ಕೆ ಹೊಡೆದರು. ನಾನು ಇನ್ನೊಂದು ಉಂಡೆ ತೆಗೆದುಕೊಂಡೆ.

ಆಮೇಲೆ ಹಾರ್ನ್ ನಿಂತಿತು. ಆ ಮೌನಕ್ಕೇ ಏನೋ ಅನ್ನಿಸಿ ಕೀಲಿ ಹಿಡಿದು ಹೋದೆ — ಅಷ್ಟರಲ್ಲಿ ಕಾಲು ಗಂಟೆ ಕಳೆದಿರಬೇಕು. ಗೇಟಿನಾಚೆ ಬಿಳಿ ಗಾಡಿ, ಹಿಂದಿನ ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ. ಬೋರ್ಡು ನಂಬಿ ಕಾದು ಕಾದು, ಡ್ರೈವರ್ ಬಸವರಾಜ ಮತ್ತು ಆ ಸಣಕಲು ನರ್ಸ್ ಹುಡುಗಿ ಸ್ಟ್ರೆಚರ್ ಹೊತ್ತುಕೊಂಡು ಸಂದಿಯಲ್ಲಿ ನುಸುಳಿ ಇಳಿಜಾರಿಗೆ ಓಡಿದ್ದರು. ನಾನು ಬೀಗ ತೆಗೆದೆ, ಗೇಟು ಹಾರುಹೊಡೆದೆ. ಸಾವಿತ್ರಿ, ಅದಕ್ಕೇ ನೀನು ಮೇಲೆ ಬಂದಾಗ ಗೇಟು ತೆರೆದಿತ್ತು.

ಆ ಏರು ನಿನಗೆ ಗೊತ್ತು, ಬರಿಗೈಯಲ್ಲಿ ಹತ್ತಿದರೂ ಉಸಿರು ಕಟ್ಟುತ್ತದೆ. ಗಣಪತಿಯ ಮೈ ಆಗ ಸಣ್ಣದಾಗಿರಲಿಲ್ಲ. ಬಸವರಾಜ ಕೆಳಗಿನ ತುದಿ ಹಿಡಿದಿದ್ದ, ಭಾರವೆಲ್ಲ ಅವನ ಮೇಲೆ. ಹುಡುಗಿಯ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಉಬ್ಬಸ ಬಂದವರ ಹಾಗೆ ಏದುತ್ತಲೇ "ನಾನಿದೀನಿ ಅಣ್ಣಾ, ಕಣ್ಣು ಮುಚ್ಬೇಡಿ, ನನ್ನನ್ನೇ ನೋಡಿ" ಎನ್ನುತ್ತಿದ್ದಳು. ಅಂಥವರನ್ನು ನಾನು ನನ್ನ ಆಯುಷ್ಯದಲ್ಲಿ ನೋಡಿದ್ದು ಕಡಿಮೆ. ನೋಡುತ್ತ ನಿಂತಿದ್ದೆ, ಕೈಯಲ್ಲಿ ಕೀಲಿ.

ಆಗ ನೀನು ಕೇಳಿದೆ: "ಸರಸಕ್ಕಾ, ಗಾಡಿ ಎಂತಕೆ ಇಲ್ಲೇ ನಿಂತಿದ್ದು?"

ನಾನು ಹೇಳಿದೆ: "ಕೆಳಗಿನ ಇಕ್ಕಟ್ಟು ಮೋರಿ ನೋಡಿ ಹೆದ್ರಿದ ಕಾಣ್ತು. ಆ ಡ್ರೈವರಂಗೆ ಧೈರ್ಯ ಇಲ್ಲೆ."

ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹೇಳಿಬಿಟ್ಟೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ — ಯೋಚಿಸಿದ್ದೆ, ಸಾಕಷ್ಟು ಬೇಗ ಯೋಚಿಸಿದ್ದೆ. ಬಸವರಾಜ ಎರಡು ಮಾರು ದೂರದಲ್ಲಿದ್ದ, ಕೇಳಿಸಿಕೊಂಡ. ನನ್ನ ಮುಖ ನೋಡಿದ, ಕೈ ನೋಡಿದ. "ಅಕ್ಕಾರ, ಆ ಬಾಗ್ಲ ಚೂರು ಹಿಡ್ಕೋರಿ" ಎಂದ. ಅಷ್ಟೇ. ಬನವಾಸಿ ಕಡೆಯ ಮಾತು. ನಾನು ಬಾಗಿಲು ಹಿಡಿದುಕೊಂಡೆ.

ಗಣಪತಿ ಉಳಿದ. ಬಲಗೈ ಉಳಿಯಲಿಲ್ಲ. ಸಿರಸಿಯ ಡಾಕ್ಟರು ಇಂಥದ್ದರಲ್ಲಿ ಒಂದೊಂದು ನಿಮಿಷವೂ ಮುಖ್ಯ ಎಂದರಂತೆ. ನನ್ನ ಕಾಲು ಗಂಟೆಯಿಂದಲೇ ಕೈ ಹೋಯಿತೋ, ಅಲ್ಲವೋ, ಯಾರಿಗೂ ಗೊತ್ತಿಲ್ಲ. ಆ ಗೊತ್ತಿಲ್ಲ ಎಂಬುದರ ಹಿಂದೆಯೇ ಇಷ್ಟು ದಿನ ಅಡಗಿ ಕೂತಿದ್ದೆ. ಊರಿನ ಪಂಪ್‌ಸೆಟ್ಟುಗಳನ್ನೆಲ್ಲ ಬಿಚ್ಚಿ ಕಟ್ಟುತ್ತಿದ್ದವನು ಈಗ ಕುರ್ಚಿಯಲ್ಲಿ ಕೂತು ಯಾವ ಬೋಲ್ಟು ತಿರುಗಿಸಬೇಕೆಂದು ಬೇರೆಯವರಿಗೆ ಹೇಳಿಕೊಡುತ್ತಾನೆ.

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಊರು ಸಿಟ್ಟಿಗೆದ್ದಿತ್ತು, ಸಿಟ್ಟಿಗೆ ಬೇರೆ ನೂರು ಕಾರಣವೂ ಇತ್ತು. ಹಿಂದೆ ಎಷ್ಟೋ ಸಲ ಗಾಡಿ ನಿಜಕ್ಕೂ ತಡವಾಗಿತ್ತು. ಜನ ಅರ್ಜಿ ಬರೆಸಿದರು, ನಾನು ಬರೆದೆ. "ಚಾಲಕನ ಅಧೈರ್ಯ ಮತ್ತು ನಿಷ್ಕಾಳಜಿಯಿಂದ" — ಎಷ್ಟು ಚೆಂದದ ಕನ್ನಡ! ಮೊದಲ ಸಹಿ ನನ್ನದು. ಸಭೆಗೆ ಬಸವರಾಜನನ್ನೂ ಕರೆಸಿದ್ದರು. ಯಾರೋ ಒಬ್ಬರು "ಗೇಟು ತೆಗ್ದೇ ಇತ್ತಲ್ದ?" ಎಂದಾಗ ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಯಿತು, ಸೆರಗು ಸರಿಮಾಡಿಕೊಂಡೆ. ಅವನು ಎದ್ದು ನಿಂತು "ದಾರ್ಯಾಗ ಸ್ವಲ್ಪ ತಡ ಆತ್ರಿ. ತಪ್ಪು ನಂದ ಐತ್ರಿ" ಎಂದ. ನೀನು ಅತ್ತುಕೊಂಡು ಅವನಿಗೆ ಶಾಪ ಹಾಕಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ತಿಂಗಳೊಳಗೆ ಅವನನ್ನು ಯಲ್ಲಾಪುರದ ಕಡೆಗೆ ಹಾಕಿದರು. ಅದರ ಮರುವಾರ ನಾನು ಗೇಟು ಕೀಳಿಸಿದೆ, ತುಕ್ಕು ಹಿಡಿದಿದೆ ಎಂದು ಹೇಳಿಕೊಂಡು.

ಹೋದ ತಿಂಗಳು ನಾದಿನಿಯನ್ನು ನೋಡಲು ಯಲ್ಲಾಪುರಕ್ಕೆ ಹೋಗಿದ್ದೆನಲ್ಲ. ಆಸ್ಪತ್ರೆಯ ಅಂಗಳದಲ್ಲಿ ಅವನು ಗಾಡಿ ತೊಳೆಯುತ್ತಿದ್ದ. ನಾನು ತಪ್ಪಿಸಿಕೊಂಡು ಹೋಗುವುದರಲ್ಲಿದ್ದೆ, ಅವನೇ ಕರೆದ. ಮೊದಲ ಮಾತು ಏನು ಗೊತ್ತಾ? "ಗಣಪತಿಯಣ್ಣಾರು ಹೆಂಗದಾರ್ರಿ?"

ನನಗೆ ನಿಂತಲ್ಲೇ ಅಳು ಬಂತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮ್ಮ ಹೆಸರ ಹೇಳಿದ್ರ ಊರಾಗ ಎರಡು ಪಾರ್ಟಿ ಆಗ್ತಿದ್ವು ಅಕ್ಕಾರ. ಜಗಳ ಇದ್ದ ದಾರ್ಯಾಗ ಗಾಡಿ ಓಡ್ಸೂದು ಭಾಳ ತ್ರಾಸ. ನಾ ಇಲ್ದಿದ್ರ ಇನ್ನೊಬ್ಬ ಡ್ರೈವರ್ ಬರಬೇಕಲ್ಲ ಅಲ್ಲಿಗೆ" ಎಂದ. ಸೈರನ್ ಯಾಕೆ ಹಾಕಿರಲಿಲ್ಲ ಎಂದೆ — ನೋಡು, ಆಗಲೂ ನನಗೊಂದು ನೆಪ ಬೇಕಿತ್ತು. ಮನೆ ಹತ್ತಿರ ಬಂದ ಮೇಲೆ ಬಂದ್ ಮಾಡುತ್ತಾನಂತೆ, ಹುಷಾರಿಲ್ಲದೆ ಮಲಗಿದವರಿಗೆ ಗಾಬರಿ ಆಗಬಾರದೆಂದು. "ಗೇಟ್ ಐತೇನ್ರಿ ಇನ್ನೂ?" ಎಂದು ಕೇಳಿದ. ಇಲ್ಲ ಎಂದೆ. "ಚಲೋ ಆತು" ಎಂದು ಬಕೆಟ್ಟು ಎತ್ತಿಕೊಂಡ.

ನಾನು ಕ್ಷಮೆ ಕೇಳಲಿಲ್ಲ, ಸಾವಿತ್ರಿ. ಇಬ್ಬರೇ ಇರುವ ಅಂಗಳದಲ್ಲಿ ಕೇಳಿದರೆ ಅಗ್ಗವಾಗುತ್ತದೆ. ನಾನು ಅವನ ಹೆಸರು ಕೆಡಿಸಿದ್ದು ಊರ ಮುಂದೆ.

ಅರ್ಜಿ ಬರೆದು ಮುಗಿಸಿದ್ದೇನೆ. ಇನ್ನೊಂದು ಗಾಡಿ ನಮಗೆ ಬೇಕೇ ಬೇಕು, ಕಾರಣಗಳನ್ನೆಲ್ಲ ಬರೆದಿದ್ದೇನೆ. ಆದರೆ ಮೊದಲ ಪ್ಯಾರಾ ಬೇರೆ: "ಐದು ವರ್ಷದ ಹಿಂದೆ ಗಣಪತಿಯವರಿಗಾಗಿ ಬಂದ ಆಂಬುಲೆನ್ಸ್ ಸಮಯಕ್ಕೆ ಸರಿಯಾಗಿ ಬಂದಿತ್ತು. ಚಾಲಕ ಬಸವರಾಜರು ಮೂರು ಸಲ ಹಾರ್ನ್ ಮಾಡಿದರು. ಮೂರೂ ನನಗೆ ಕೇಳಿತ್ತು. ಕೀಲಿ ನನ್ನ ಹತ್ತಿರ ಇತ್ತು." ನಾಳೆ ಇದನ್ನು ನಾನೇ ಓದುತ್ತೇನೆ. ನೀನು ಸಭೆಗೆ ಬರುತ್ತೀಯೋ, ಬಂದು ಯಾರಿಗೆ ಶಾಪ ಹಾಕುತ್ತೀಯೋ, ಅದು ನಿನ್ನದು.

ಈ ಸಲವೂ ಮೊದಲ ಸಹಿ ನನ್ನದೇ. ಅದರ ಕೆಳಗೆ ಗಣಪತಿಗೆಂದು ಜಾಗ ಬಿಟ್ಟಿದ್ದೇನೆ. ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿತಿದ್ದಾನೆ ಎಂದು ನೀನೇ ಹೇಳಿದ್ದೆ. ಮಾಡು ಎಂದು ಕೇಳುವ ಮುಖ ನನಗಿಲ್ಲ.